ಆರು ಮಡಕೆಗಳ ವಿದ್ಯುತ್ತು

ಹೊಳೆದಂಡೆಯ ಆಶ್ರಮವೊಂದರಲ್ಲಿ ನಿರ್ವಾಣಯ್ಯನವರು ಪಾಠ ಹೇಳುತ್ತಿದ್ದರು. ಅವರ ಶಿಷ್ಯ ಭರಮಪ್ಪ ಕೆಸರಿನಿಂದ ವಿದ್ಯುತ್ತು ತೆಗೆಯಲು ಮೂರು ವರ್ಷ ಹೆಣಗಿದ್ದ.

ಕೊನೆಗೆ ಆರು ಮಡಕೆಗಳಿಗೆ ಹೊಳೆಯ ಕೆಸರು ತುಂಬಿದ. ಒಂದೊಂದರಲ್ಲೂ ಒಂದು ತಾಮ್ರದ ತಗಡು, ಒಂದು ಸತುವಿನ ತಗಡು ನೆಟ್ಟು ತಂತಿಯಿಂದ ಜೋಡಿಸಿದ. ಪುಟ್ಟ ದೀಪವೊಂದು ಹೊತ್ತಿಕೊಂಡಿತು.

ಎರಡು ತಿಂಗಳಿಂದ ಅದು ಉರಿಯುತ್ತಿರುವ ಸುದ್ದಿ ಕೇಳಿ ಆಚೆ ದಡದ ಸೂಲಗಿತ್ತಿ ಓಬಮ್ಮ ಮಡಕೆ ಒಯ್ಯಲು ತೆಪ್ಪದಲ್ಲಿ ಬಂದಳು.

"ಹೆರಿಗೆ ಮನೆಗೆ ಇಷ್ಟು ಬೆಳಕು ಸಾಕು ಸ್ವಾಮಿ. ಕರೆಂಟಿನ ಕಂಬ ಬೇಡ ಅಂತ ಊರವರು ನಾಳೆ ಸರ್ಕಾರಕ್ಕೆ ಬರೆದುಕೊಡ್ತಾರೆ. ಭರಮಣ್ಣನ ಕೆಸರು ಇರೋವಾಗ ಕಂಬ ಯಾಕೆ, ಎಮ್ಮೆ ಕಟ್ಟೋಕಾ?"

ಭರಮಪ್ಪ ಹಿಗ್ಗಿದ. ಗುರುಗಳು ನಗಲಿಲ್ಲ.

"ಸ್ವಲ್ಪ ಹೊತ್ತು ನೆರಳಲ್ಲಿ ಕೂತಿರು ತಾಯಿ," ಎಂದರು.

ಅವಳು ತೆಪ್ಪದ ಕಡೆ ಹೋದಳು. ಗುರುಗಳು ಶಿಷ್ಯನತ್ತ ತಿರುಗಿದರು.

"ದೀಪ ಮಂಕಾದರೆ ಏನು ಮಾಡುತ್ತೀ?"

"ವಾರಕ್ಕೊಮ್ಮೆ ಮಂಕಾಗುತ್ತದೆ. ಹಳೇ ಕೆಸರು ಚೆಲ್ಲಿ ಹೊಸದು ತುಂಬುತ್ತೇನೆ. ಮತ್ತೆ ಉರಿಯುತ್ತದೆ."

"ತಗಡು?"

"ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ ನೆಡುತ್ತೇನೆ. ಕೆಲಸ ಶುಚಿಯಾಗಿರಬೇಕಲ್ಲ."

"ಕೆಸರು ಬದಲಿಸದೆ, ತಗಡು ಮಾತ್ರ ಉಜ್ಜಿ ನೋಡಿದ್ದೀಯಾ?"

"ಇಲ್ಲ. ಯಾಕೆ ನೋಡಬೇಕು?"

ಗುರುಗಳು ಎದ್ದು ಹಿತ್ತಿಲ ಕಡೆ ಹೊರಟರು. ಭರಮಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಮೂರು ವರ್ಷ ಕೆಸರಲ್ಲಿ ಕೈಯಿಟ್ಟು ಕೂತವನು ನಾನು. ನಿಮ್ಮ ಬಾಯಲ್ಲಿ ಒಂದು ಭೇಷ್ ಬರಲಿಲ್ಲ. ಹೊರಗಿನವನು ಯಾರಾದರೂ ಮಾಡಿದ್ದರೆ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದಿರಿ!"

ಹಿತ್ತಿಲಲ್ಲಿ ಅವನು ಅಂದು ಬೆಳಿಗ್ಗೆ ಚೆಲ್ಲಿದ ಕೆಸರು ಇನ್ನೂ ಹಸಿಯಾಗಿ ಬಿದ್ದಿತ್ತು. ಗುರುಗಳು ಮಡಕೆಗಳನ್ನು ಬರಿದು ಮಾಡಿ ಅದನ್ನೇ ಬಾಚಿ ತುಂಬಿದರು. ಕುಕ್ಕರುಗಾಲಲ್ಲಿ ಕೂತು ಹನ್ನೆರಡೂ ತಗಡುಗಳನ್ನು ಉಜ್ಜಿ ನೆಟ್ಟರು. ತಂತಿ ಜೋಡಿಸಿದರು.

ಸತ್ತ ಕೆಸರಿನಲ್ಲಿ ದೀಪ ಝಗ್ಗನೆ ಉರಿಯಿತು.

ಭರಮಪ್ಪ ಮಡಕೆಗಳ ಮೇಲೆ ಬಗ್ಗಿ ನೋಡಿದ.

ಗುರುಗಳು ಒಂದು ಸತುವಿನ ತಗಡನ್ನು ಕಿತ್ತರು. ದೀಪ ಆರಿತು. ತಗಡನ್ನು ಅವನ ಕಣ್ಣೆದುರು ಬಿಸಿಲಿಗೆ ಹಿಡಿದರು. ಸೂಜಿಯಲ್ಲಿ ಚುಚ್ಚಿದಂತೆ ತೂತುಗಳು, ಒಂದೊಂದರಲ್ಲೂ ಬಿಸಿಲು.

"ಇಲ್ಲಿದ್ದ ಸತು ಎಲ್ಲಿ ಹೋಯಿತು?"

ಭರಮಪ್ಪ ತಗಡನ್ನು ಬೆರಳಲ್ಲಿ ಒತ್ತಿದ. ಅದು ಹಪ್ಪಳದಂತೆ ಮುರಿಯಿತು.

"ದೀಪ ತಿಂದಿದೆ," ಎಂದ. "ಬೆಳಕು ಕೆಸರಿನಿಂದ ಬಂದದ್ದಲ್ಲ."

"ಉಳಿದದ್ದು ಎಷ್ಟು ದಿನಕ್ಕೆ?"

"ತಿಂಗಳು. ಹೆಚ್ಚೆಂದರೆ ಒಂದೂವರೆ."

ಅವನ ಸಿಟ್ಟು ಹೋಗಿರಲಿಲ್ಲ. ಯಾರ ಮೇಲೆ ಎಂಬುದು ಮಾತ್ರ ಅವನಿಗೇ ತಿಳಿಯುತ್ತಿರಲಿಲ್ಲ.

"ಅಷ್ಟರಲ್ಲಿ ಸರಿಮಾಡುತ್ತೇನೆ ಗುರುಗಳೇ. ಹೊಸ ತಗಡು ಹಾಕಿಕೊಡುತ್ತೇನೆ. ಈಗ ಅವಳು ಒಯ್ಯಲಿ, ಬಿಡಿ."

"ಕಂಬ ಬೇಡವೆಂದು ಊರವರು ಬರೆದುಕೊಟ್ಟ ಮೇಲೆ ಸರಿಮಾಡುತ್ತೀಯಾ?"

"ಇವತ್ತು ನಿಜ ಹೇಳಿದರೆ ಊರಿಗೆ ಊರೇ ನಗುತ್ತದೆ!"

ಎಂದೂ ದನಿ ಎತ್ತದ ಗುರುಗಳು ಅಂದು ಎತ್ತಿದರು.

"ನಗಲಿ. ಹೆರಿಗೆಯ ನಡುವೆ ದೀಪ ಆರಿದರೆ ಯಾರೂ ನಗುವುದಿಲ್ಲ."