ಥೇಟ್ ಚನ್ನಕ್ಕನಂಥದ್ದ ಬೇಕು!

ಕೇಳ್ರಿಲ್ಲೆ. ಗದಗಿನ ಒಂದು ಓಣ್ಯಾಗ ಹೋಳಿಗಿ ಮಾಡಿ ಮಾರೋ ನೀಲವ್ವ ಅಂತ ಇದ್ದಳು. ಆಕಿಗೊಬ್ಬ ಮಗ, ಗುರುಪಾದ. ಹೇಳಿದ್ದನ್ನ ಹೇಳಿದಂಗ ಮಾಡಾಂವ. ಅದ ಆಕಿ ತಲಿಬ್ಯಾನಿ!

ಎದುರುಮನಿ ಚನ್ನಕ್ಕಂದೂ ಹೋಳಿಗಿ ಧಂದೆ. ಆಕಿ ಮೊಬೈಲಿನ್ಯಾಗ ಒಂದು ಆ್ಯಪ್ ಹಾಕ್ಕೊಂಡಿದ್ದಳು. ಒಬ್ಬರು ಆರ್ಡರ್ ಬರದ್ರ ಸಾಕು, ಲಟ್ಟಿಸೋರು, ಬೇಯಿಸೋರು, ಎಲ್ಲಾರ ಫೋನಿನ್ಯಾಗೂ ಕಾಣತಿತ್ತು. ನೀಲವ್ವಗ ಹೊಟ್ಟಿ ಉರದು ಹೋತು. ದೇಸಾಯರ ಮನಿ ನಿಶ್ಚಿತಾರ್ಥದ ಆರ್ಡರ್ ಬ್ಯಾರೆ ಹಿಡದಿದ್ದಳು. ಅದು ಕೆಟ್ಟರ ಮದುವಿ ಆರ್ಡರ್ ಚನ್ನಕ್ಕನ ಪಾಲು!

"ಲೇ ಗುರುಪಾದ, ನಮಗೂ ಅಂಥದ್ದೊಂದು ಹಾಕೋ! ಪುಕ್ಕಟೆ ಇರಬೇಕು, ಅಷ್ಟ."

"ಹೂಂನವ್ವ!"

ಪುಕ್ಕಟೆ ಸಿಕ್ಕದ್ದನ್ನ ಹಾಕಿದ. ಬರದದ್ದು ಅವನ ಫೋನಿನ್ಯಾಗ ಬಿಟ್ಟು ಇನ್ನೆಲ್ಲೂ ಕಾಣವಲ್ದು! ಲಟ್ಟಿಸೋರು ಕೈಕಟ್ಟಿ ಕುಂತರು.

"ಹುಚ್ಚಪ್ಯಾಲಿ! ಎಲ್ಲಾರಿಗೂ ಕಾಣಬೇಕಲೇ! ಎಲ್ಲಾರೂ ಬರಿಯೂವಂಗ ಇರಬೇಕು!"

"ಹೂಂನವ್ವ!"

ಬ್ಯಾರೆ ಆ್ಯಪ್ ಹಾಕಿ ಓಣಿಗೆ ಓಣೀನ ಸೇರಿಸಿದ. ಹಾಲಿನಾಂವ ಎಮ್ಮಿ ಈದದ್ದನ್ನ ಬರದ. ಬಳಿಗಾರ ಕಾಕಾ ಮಗಳಿಗೆ ಗಂಡು ನೋಡ್ರಿ ಅಂತ ಬರದ. ಅದರಾಗ ಹೋಳಿಗಿ ಆರ್ಡರ್ ಎಲ್ಲಿ ಹುಡುಕೋದು!

"ಅಯ್ಯ ನನ್ನ ಹಣೇಬರಾ! ಹೋಳಿಗಿ ಬಲ್ಲವರಷ್ಟ ಇರಬೇಕೋ! ಥೇಟ್ ಚನ್ನಕ್ಕನಂಥದ್ದ ಬೇಕು! ಮತ್ತ ನಾ ಅಂದದ್ದನ್ನ ಒಂದೂ ಬಿಡದಂಗ ಬರೀಬೇಕು!"

"ಹೂಂನವ್ವ!"

ಸೀದಾ ಚನ್ನಕ್ಕನ ಮನಿಗೆ ಹೋದ. "ಅತ್ತಿ, ನಮ್ಮವ್ವಗ ನಿಮ್ಮಂಥದ್ದ ಬೇಕಂತ. ನಿಮ್ಮದರಾಗ ನಮ್ಮನ್ನೂ ಸೇರಿಸ್ಕೊರಿ."

ಚನ್ನಕ್ಕ ನಕ್ಕೋಂತ ಸೇರಿಸ್ಕೊಂಡಳು. ಪುಕ್ಕಟೆ ಆತು, ಎಲ್ಲಾರಿಗೂ ಕಾಣತೈತಿ, ಹೋಳಿಗಿ ಬಲ್ಲವರ ಅದಾರ. ಇನ್ನೇನ ಬೇಕು!

ನೀಲವ್ವ ಹೂರಣ ರುಬ್ಬಕೋಂತ ಹೇಳಿದಳು. "ದೇಸಾಯರ ಬೀಗರ ಮನಿಗೋಳು ಬರಕೋ, ಯಾರಿಗೆ ಎಷ್ಟು ಹೋಳಿಗಿ ಅಂತ. ಆ ಚನ್ನಕ್ಕಗ ಗೊತ್ತಾಗಬಾರದು. ಆಕಿ ಹೋಳಿಗಿ ಅಂದ್ರ ಹಳೇ ಚಪ್ಪಲಿ! ತಿಂದವರ ಹಲ್ಲು ಉಳದಾವೇನ!"

ಗುರುಪಾದ ಒಂದೂ ಬಿಡದಂಗ ಆ್ಯಪಿನ್ಯಾಗ ಬರದ.

ಎದುರಿನ ಬಾಗಲಾ ದಡ್ ಅಂತ ತೆಗೀತು. "ಏನವ್ವಾ ನೀಲವ್ವಾ! ನನ್ನ ಹೋಳಿಗಿ ಚಪ್ಪಲೀನ? ತಡಿ, ದೇಸಾಯರಿಗೇ ತೋರಸ್ತೀನಿ!"

"ಅಳಸಲೇ! ಎಲ್ಲಾ ಅಳಸಲೇ!"

"ಹೂಂನವ್ವ!"

ಎಲ್ಲಾ ಅಳಿಸಿದ. ಚಪ್ಪಲಿ ಮಾತು ಹೋತು. ಚನ್ನಕ್ಕನ ಆರ್ಡರ್ ಅಷ್ಟೂ ಹೋದವು. ಆಕಿ ಕಟ್ಟಿ ಮ್ಯಾಲೆ ಕುಂತು ತಲಿ ತಲಿ ಬಡಕೊಂಡಳು.

"ಅವ್ವಾ, ದೇಸಾಯರ ಬೀಗರ ಮನಿಗೋಳೂ ಹೋದವು. ಇನ್ನ ಮದುವಿ ಆರ್ಡರ್ ನಮಗ ಕೊಡಂಗಿಲ್ಲಲ್ಲ?"

ನೀಲವ್ವ ಬೈಯಾಕ ಬಾಯಿ ತೆಗೆದಳು. ಎದುರುಮನಿ ಕಟ್ಟಿ ನೋಡಿದಳು. ತುಪ್ಪ ಸುರಿದ ಹೋಳಿಗಿ ಮುರದು ಮಗನ ಬಾಯಾಗ ಇಟ್ಟಳು.

"ಹೋಗಲಿ ಬಿಡೋ ನನ್ನ ಬಂಗಾರಾ, ಆಕೀವೂ ಹೋದವಲ್ಲ!"