ಕಲಿಸಿದ ಬಣ್ಣ

"ಗುರುಗಳೇ, ಕಲಿಸುವವರ ಹೊಣೆ ಎಲ್ಲಿಗೆ ಮುಗಿಯುತ್ತದೆ?" ಎಂದು ಶಿಷ್ಯೆ ಕೇಳಿದಳು.

ಅವಳು ಆರು ವರ್ಷ ಗುರುಗಳ ಶಾಲೆಯಲ್ಲಿದ್ದು ನೇಯ್ಗೆ, ಬಣ್ಣಗಾರಿಕೆ, ಉಡುಪಿನ ವಿನ್ಯಾಸ ಕಲಿತಿದ್ದಳು. ಮರುದಿನ ಪಟ್ಟಣದ ವಿನ್ಯಾಸ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಹೊರಡುವವಳಿದ್ದಳು. "ನಾನು ಕಲಿಸುತ್ತೇನೆ. ಕಲಿತವರು ತಮ್ಮ ದಾರಿ ಹಿಡಿದು ಹೋಗುತ್ತಾರೆ. ಆಮೇಲೆ ಅವರು ಮಾಡುವುದಕ್ಕೆಲ್ಲ ನಾನು ಹೇಗೆ ಉತ್ತರ ಕೊಡಲಿ?"

ಗುರುಗಳು ಅವಳನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಯಾವ ಸೀರೆಗೆ ಯಾವ ಅಂಚು, ಯಾವ ಒಡಲಿಗೆ ಯಾವ ಸೆರಗು ಎಂಬುದನ್ನು ಅವನನ್ನು ಕೇಳಿಯೇ ನೇಕಾರರು ಮಗ್ಗ ಹೂಡುತ್ತಿದ್ದರು. ಒಂದು ವರ್ಷ ಒಬ್ಬ ವ್ಯಾಪಾರಿ ಬಂದರಿನಿಂದ ಒಂದು ಪುಡಿ ತಂದುಕೊಟ್ಟ. ಅದನ್ನು ಬೆರೆಸಿದರೆ ನೂಲಿಗೆ ಬಣ್ಣ ಬೇಗ ಹಿಡಿಯುತ್ತಿತ್ತು. ಹನ್ನೆರಡು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು. ಆ ಪುಡಿಯಿಂದ ಬಣ್ಣಗಾರ ನವಿಲುಗೊರಳಿನ ಬಣ್ಣವೊಂದನ್ನು ಮಾಡಿದ. ಅಂಥ ಹೊಳಪನ್ನು ಜನ ಅದುವರೆಗೆ ಕಂಡಿರಲಿಲ್ಲ.

ಮರುವರ್ಷ ವ್ಯಾಪಾರಿ ಬೇರೆ ಬಣ್ಣ ಕೇಳಿದ. ಅದರ ಮರುವರ್ಷ ಮತ್ತೊಂದು. ಹೋದ ವರ್ಷದ ಬಣ್ಣ ಉಟ್ಟವರನ್ನು ಈ ವರ್ಷ ಜನ ತಿರುಗಿ ನೋಡಿ ನಗತೊಡಗಿದರು. ಸೀರೆ ಹರಿಯುವ ಮೊದಲೇ ಹಳತಾಗುತ್ತಿತ್ತು.

ಕಲಿಯಲು ದೂರದೂರದಿಂದ ಹುಡುಗ ಹುಡುಗಿಯರು ಬಂದರು. ಬಣ್ಣಗಾರ ವಿದ್ಯೆ ಬಚ್ಚಿಡುವವನಲ್ಲ. ಹದಿನಾಲ್ಕು ವರ್ಷಗಳಲ್ಲಿ ಮೂವತ್ತೊಂದು ಮಂದಿಗೆ ತನಗೆ ತಿಳಿದದ್ದನ್ನೆಲ್ಲ ಕಲಿಸಿದ. ಬಣ್ಣಕ್ಕೆ ಹರಿಯುವ ನೀರು ಬೇಕು. ಹಾಗಾಗಿ ಅವರೆಲ್ಲ ತಮ್ಮ ತಮ್ಮ ಸೀಮೆಗೆ ಹೋಗಿ ಹಳ್ಳ ಹೊಳೆಗಳ ದಡದಲ್ಲಿ ಬಣ್ಣದ ಮನೆ ಕಟ್ಟಿಕೊಂಡರು.

ಒಂದು ದಿನ ಬೆಳಿಗ್ಗೆ ಬಣ್ಣಗಾರನ ಮನೆಗೆ ಒಬ್ಬ ಮಡಿವಾಳಗಿತ್ತಿ ಬಂದಳು. ಅವಳದು ಅವನ ಮನೆಯ ಪಕ್ಕದ ಹಳ್ಳದಗುಂಟ ಮೂರು ಹರದಾರಿ ಕೆಳಗಿನ ಊರು. ಕಂಕುಳಲ್ಲಿ ಬಟ್ಟೆಯ ಗಂಟಿತ್ತು.

"ಅಣ್ಣಾ, ಬಣ್ಣದ ವಿಷಯದಲ್ಲಿ ನಿಮ್ಮಷ್ಟು ತಿಳಿದವರಿಲ್ಲ ಅಂತ ಕೇಳಿ ಬಂದೆ" ಎಂದಳು. "ನಾವು ಬಿಳಿ ಬಟ್ಟೆ ಒಗೆದರೆ ಹಸಿರಾಗುತ್ತದೆ. ಸವಳುಮಣ್ಣು ಹಾಕಿ ಕುದಿಸಿದೆ, ಬಿಸಿಲಿಗೆ ಹರವಿದೆ. ಹೋಗಲಿಲ್ಲ. ಈ ಕಲೆ ತೆಗೆಯುವುದು ಹೇಗೆ, ಹೇಳಿಕೊಡಿ."

ಅವಳು ಗಂಟು ಬಿಚ್ಚಿದಳು. ಬಣ್ಣಗಾರ ಬಟ್ಟೆಯನ್ನು ನೋಡಲಿಲ್ಲ. ಅವಳ ಕೈಗಳನ್ನು ನೋಡಿದ. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಅವನು ಮೆಟ್ಟು ಮೆಟ್ಟಿಕೊಂಡು ಅವಳ ಜೊತೆ ಹೊರಟ.

ಆ ಊರಿನ ಹಳ್ಳದಲ್ಲಿ ಮೀನಿರಲಿಲ್ಲ. ದಡದ ಕಲ್ಲುಗಳ ಮೇಲೆ ಹಸಿರು ಕರಣೆಗಟ್ಟಿತ್ತು. ನೀರಾಟ ಆಡಿದ ಮಕ್ಕಳ ಮೊಣಕಾಲ ಕೆಳಗೆ ಹುಣ್ಣುಗಳಿದ್ದವು. ಹೆಂಗಸರು ಕುಡಿಯುವ ನೀರಿಗೆ ಗುಡ್ಡದಾಚೆಯ ಬಾವಿಗೆ ನಡೆಯುತ್ತಿದ್ದರು. ಬಣ್ಣಗಾರ ಆ ಹಸಿರನ್ನು ನೋಡಿದ ಕೂಡಲೇ ಗುರುತಿಸಿದ. ಆ ಸೀಮೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ.

"ತಂಗೀ, ಇದು ನನ್ನ ಬಣ್ಣ" ಎಂದ.

ಅವಳು ಬಟ್ಟೆಯ ಗಂಟನ್ನು ಮತ್ತೆ ಕಟ್ಟಿದಳು. "ಹಾಗಾದರೆ ಇದನ್ನು ನಿಲ್ಲಿಸುವುದೂ ನಿಮಗೆ ಗೊತ್ತಿರಬೇಕು" ಎಂದು ಹೇಳಿ ಒಗೆಯುವ ಕಲ್ಲಿನ ಕಡೆಗೆ ಹೋದಳು.

ಬಣ್ಣಗಾರ ಮನೆಗೆ ಬಂದವನೇ ಒಲೆ ಆರಿಸಿದ. ಪುಡಿಯ ಚೀಲಗಳನ್ನು ವ್ಯಾಪಾರಿಗೆ ವಾಪಸು ಕಳಿಸಿದ. ವ್ಯಾಪಾರಿ ಮತ್ತೆ ಅವನ ಹೊಸ್ತಿಲು ತುಳಿಯಲಿಲ್ಲ.

ಒಂದು ವರ್ಷ ಅವನು ಹಳೆಯ ವಿದ್ಯೆಯನ್ನು ತಿರುಗಿ ಕಲಿತ. ದಾಳಿಂಬೆ ಸಿಪ್ಪೆಯ ಹಳದಿ ಹಿಡಿಸಿ ಅದರ ಮೇಲೆ ನೀಲಿ ಏರಿಸಿದ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಸಿ, ಅಳಲೆಕಾಯಿಯ ಕಷಾಯ ಸೇರಿಸಿ ಕಪ್ಪು ಮಾಡಿದ. ಎಷ್ಟೋ ಸಲ ನೂಲು ಕೆಟ್ಟಿತು. ಉಳಿದ ನೀರು ಹಳ್ಳಕ್ಕೆ ಹೋಗದಂತೆ ಮರಳಿನ ಗುಂಡಿ ತೋಡಿದ. ಕೊನೆಗೆ ಬಂದ ಬಣ್ಣಕ್ಕೆ ಮೊದಲಿನ ಹೊಳಪಿರಲಿಲ್ಲ. ಆದರೆ ಹತ್ತು ವರ್ಷ ಉಟ್ಟರೂ ಹಳತೆನ್ನಿಸದ ಹಾಗೆ ಅವನು ಅದಕ್ಕೆ ತಕ್ಕ ಅಂಚು, ಸೆರಗುಗಳನ್ನು ಬರೆದ. ಕೊಳ್ಳುವವರು ಕಡಿಮೆ. ಮನೆ ಹೇಗೋ ನಡೆಯಿತು.

ಕೆಳಗಿನ ಊರಿನ ಹಳ್ಳ ತಿಳಿಯಾಗತೊಡಗಿತು. ಅಷ್ಟಕ್ಕೆ ಅವನು ನೆಮ್ಮದಿಯಿಂದ ಇರಬಹುದಿತ್ತು. ಆದರೆ ಒಂದು ಮಧ್ಯಾಹ್ನ ಉಣ್ಣುತ್ತ ಕೂತವನು ಕೈ ತಡೆದು ಹೆಂಡತಿಗೆ ಹೇಳಿದ: "ನಾನು ಒಂದು ಹಳ್ಳದ ವಿಷ ನಿಲ್ಲಿಸಿದೆ. ಇನ್ನೂ ಮೂವತ್ತೊಂದರಲ್ಲಿ ಹರಿಯುತ್ತಿದೆ."

"ಅಷ್ಟು ಊರು ಸುತ್ತುವ ವಯಸ್ಸೇ ನಿಮ್ಮದು?" ಎಂದಳು ಅವಳು.

"ಕಲಿಸಿದವನು ನಾನೇ. ಬೇರೆ ಯಾರು ಹೋಗಬೇಕು?"

ಅವಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಮೊದಲನೆಯ ಶಿಷ್ಯ ಕಾಲಿಗೆ ಬಿದ್ದ. ತಪ್ಪಾಯಿತೆಂದ. ಗುರುವಿನ ಎದುರಿಗೇ ಪುಡಿಯನ್ನು ಮಣ್ಣಿನಲ್ಲಿ ಹೂತ. ಬಣ್ಣಗಾರ ಸಂತೋಷದಿಂದ ಮುಂದೆ ಹೋದ. ತಿಂಗಳ ಮೇಲೆ ಅದೇ ದಾರಿಯಲ್ಲಿ ಬಂದಾಗ ಹಳ್ಳ ಮೊದಲಿನ ಹಾಗೇ ಹಸಿರಾಗಿತ್ತು. ಮಾತಿನಿಂದ ಕಲಿಸಿದ್ದು ಮಾತಿನಷ್ಟೇ ದಿನ ಉಳಿಯಿತು ಎಂದು ಅವನಿಗೆ ತಿಳಿಯಿತು. ಅಂದಿನಿಂದ ಹೋದಲ್ಲೆಲ್ಲ ಅವನು ಉಳಿಯತೊಡಗಿದ. ತಾನೇ ಸಿಪ್ಪೆ ಕುದಿಸುತ್ತಿದ್ದ, ಗುಂಡಿ ತೋಡುತ್ತಿದ್ದ. ಒಂದು ಮಗ್ಗದ ಬಟ್ಟೆ ಆಗಿ, ಮಾರಿ, ಯಾರಾದರೂ ಉಟ್ಟದ್ದನ್ನು ಕಂಡ ಮೇಲೆಯೇ ಮುಂದಿನ ಊರು.

ಕೆಲವರು ಬಾಗಿಲು ತೆರೆಯಲಿಲ್ಲ. ಗುರುವಿಗೆ ಅರಳು ಮರುಳು ಎಂದರು ಕೆಲವರು.

ಹನ್ನೊಂದನೆಯ ಮನೆ ಒಬ್ಬ ಶಿಷ್ಯೆಯದು. ಅಲ್ಲಿ ಹಳ್ಳ ತಿಳಿಯಾಗಿತ್ತು. ಬಣ್ಣಗಾರನಿಗೆ ಆಶ್ಚರ್ಯವಾಯಿತು. ಅವಳು ಆರು ವರ್ಷದ ಹಿಂದೆಯೇ ಪುಡಿ ಬಿಟ್ಟಿದ್ದಳು. ತನ್ನ ಊರಿನ ಕರುಗಳು ನೀರು ಕುಡಿದು ಸತ್ತದ್ದನ್ನು ಕಂಡು ಬಿಟ್ಟೆ ಎಂದಳು.

"ಆರು ವರ್ಷ! ನನಗೆ ಒಂದು ಮಾತು ಹೇಳಿಕಳಿಸಬಾರದಿತ್ತೇ?"

ಅವಳು ತಲೆ ತಗ್ಗಿಸಿದಳು. "ನೀವು ಗುರುಗಳು. ನಿಮಗೆ ತಪ್ಪು ಅಂತ ಹೇಗೆ ಹೇಳಲಿ? ಎರಡು ಸಲ ನಿಮ್ಮ ಊರಿನ ಗಡಿವರೆಗೆ ಬಂದು ತಿರುಗಿ ಹೋದೆ."

ಬಣ್ಣಗಾರ ಆ ದಿನ ಉಣ್ಣಲಿಲ್ಲ. ಬಣ್ಣ ಕಲಿಸಿದ್ದೆ, ಎದುರು ಹೇಳುವುದನ್ನು ಕಲಿಸಿರಲಿಲ್ಲ ಎಂಬುದು ಅವನನ್ನು ಪುಡಿಗಿಂತ ಹೆಚ್ಚು ಸುಟ್ಟಿತು. ಆಮೇಲೆ ಅವನು ಯಾರಿಗೆ ಏನು ಕಲಿಸಿದರೂ, "ಇದರಲ್ಲಿ ತಪ್ಪೇನು, ಹೇಳು" ಎಂದು ಕೇಳದೆ ಪಾಠ ಮುಗಿಸಲಿಲ್ಲ. ಉತ್ತರ ಬಾರದಿದ್ದರೆ ಕಾಯುತ್ತಿದ್ದ.

ಎಲ್ಲರಿಗಿಂತ ದೊಡ್ಡ ಬಣ್ಣದ ಮನೆ ಸಂಕಣ್ಣನದು. ಮೂವತ್ತೊಂದು ಮಂದಿಯಲ್ಲಿ ಅವನಷ್ಟು ಜಾಣ ಇನ್ನೊಬ್ಬನಿರಲಿಲ್ಲ. ಅವನು ಗುರುವನ್ನು ಮಣೆ ಹಾಕಿ ಕೂರಿಸಿ, ಎಲ್ಲ ಕೇಳಿ, ನಿಧಾನವಾಗಿ ಹೇಳಿದ: "ಈ ಊರಿನ ಅರವತ್ತು ಮನೆಗಳು ಈ ಪುಡಿಯಿಂದ ಉಣ್ಣುತ್ತಿವೆ. ನೀವು ಕಲಿಸಿದ್ದನ್ನೇ ಮಾಡುತ್ತಿದ್ದೇನೆ. ಈಗ ಬಿಡು ಅಂದರೆ ಹೇಗೆ?"

"ಅರ್ಧ ದಿನದ ಕೆಲಸಕ್ಕೆ ಅರವತ್ತು ಮನೆ ಸಾಕು. ಹನ್ನೆರಡು ದಿನದ ಕೆಲಸಕ್ಕೆ ಇನ್ನೂ ಕೈಗಳು ಬೇಕಾಗುತ್ತವೆ. ಉಣ್ಣುವವರು ಕಡಿಮೆಯಾಗುವುದಿಲ್ಲ, ನಿನಗೆ ಉಳಿಯುವುದು ಕಡಿಮೆಯಾಗುತ್ತದೆ. ಹೊಳೆಯ ಕೆಳಗಿನ ಊರಿಗೆ ಒಮ್ಮೆ ಬಾ, ನೋಡು."

ಸಂಕಣ್ಣ ಬರಲಿಲ್ಲ. ಬಣ್ಣಗಾರ ಒಬ್ಬನೇ ಆ ಊರಿಗೆ ಹೋಗಿ ಒಂದು ಜಗುಲಿಯಲ್ಲಿ ಉಳಿದುಕೊಂಡ. ಊರವರು ಕುಡಿಯುವ ನೀರನ್ನೇ ಕುಡಿದ. ಊರವರ ಜೊತೆ ಸೇರಿ ಹೊಳೆಯಿಂದ ದೂರದಲ್ಲಿ ಬಾವಿ ತೋಡತೊಡಗಿದ. ಇಪ್ಪತ್ತು ದಿನಗಳಾದ ಮೇಲೆ ಅವನ ಕೈಯೂ ಸುಲಿಯಿತು.

ಸುದ್ದಿ ಕೇಳಿ ಸಂಕಣ್ಣ ಓಡಿಬಂದ. "ನನ್ನ ಮೇಲಿನ ಮುನಿಸಿಗೆ ಪ್ರಾಣ ಕಳೆದುಕೊಳ್ಳುತ್ತೀರಾ? ಮನೆಗೆ ಬನ್ನಿ" ಎಂದ.

"ಮುನಿಸಿಲ್ಲ ಸಂಕಣ್ಣಾ. ನಾನು ನಿನಗೆ ಹೊಳೆಯ ಮೇಲಿನ ಅರ್ಧ ಮಾತ್ರ ಕಲಿಸಿದ್ದೆ. ಕೆಳಗಿನ ಅರ್ಧವನ್ನು ನಾನೂ ಈಗ ಕಲಿಯುತ್ತಿದ್ದೇನೆ. ಬಂದದ್ದೇ ಬಂದೆ, ಗುದ್ದಲಿ ಹಿಡಿ."

ಸಂಕಣ್ಣ ಸುತ್ತ ನೆರೆದವರ ಕೈಕಾಲುಗಳನ್ನು ನೋಡಿದ. ಆಮೇಲೆ ಅಂಗಿ ಕಳಚಿ ಗುಂಡಿಗೆ ಇಳಿದ. ಆ ವರ್ಷ ಅವನು ಅರ್ಧ ಬಟ್ಟೆಗೆ ಪುಡಿ ಹಾಕುವುದನ್ನು ಬಿಟ್ಟ. ಉಳಿದರ್ಧ ಬಿಡಲು ಮತ್ತೆರಡು ವರ್ಷ ಬೇಕಾಯಿತು. ಬಣ್ಣಗಾರ ಆ ಎರಡು ವರ್ಷವೂ ಋತುವಿಗೊಮ್ಮೆ ಅಲ್ಲಿಗೆ ಹೋಗಿಬಂದ. ನಡುವೆ ಉಳಿದ ಊರುಗಳಿಗೂ ಹೋದ. ಬಾಗಿಲು ತೆರೆಯದವರ ಮನೆಗೆ ಮತ್ತೆ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು:

"ಕೊನೆಗೆ ಮೂವತ್ತೊಂದರಲ್ಲಿ ಎಷ್ಟು ಮಂದಿ ಬದಲಾದರು, ಗುರುಗಳೇ?"

ಗುರುಗಳು ಹೇಳಿದರು: "ಅದನ್ನು ಅವನನ್ನೂ ಯಾರೋ ದಾರಿಯಲ್ಲಿ ತಡೆದು ಕೇಳಿದರಂತೆ. ಎಣಿಸುತ್ತ ನಿಲ್ಲದೆ ಅವನು ಮುಂದಿನ ಊರಿಗೆ ದಾರಿ ಯಾವುದೆಂದು ಅವರನ್ನೇ ಕೇಳಿದನಂತೆ."

ಶಿಷ್ಯೆ ಎದ್ದು ಮರುದಿನದ ಪಯಣಕ್ಕೆ ಗಂಟು ಕಟ್ಟಲು ಹೋದಳು.