ದಾಕ್ಷಾಯಿಣಿ ಕೊಂಡ ವೂಫರ್

ಓಣಿಯ ಕೊನೆಯ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಒಬ್ಬಳೇ ಇದ್ದ ದಾಕ್ಷಾಯಿಣಿಯ ಟಿವಿಯ ದನಿ ಹೋಯಿತು. ಹಳೆ ಸಾಮಾನಿನ ಅಂಗಡಿಯಲ್ಲಿ ಅವಳ ದುಡ್ಡಿಗೆ ಒಂದೇ ಸ್ಪೀಕರ್ ಪೆಟ್ಟಿಗೆ ಬರುತ್ತಿತ್ತು.

“ನಾನು ಗುಡುಗಿದರೆ ಇಡೀ ಓಣಿ ನಿಮ್ಮ ಬಾಗಿಲಿಗೆ ಬರುತ್ತದೆ,” ಎಂದಿತು ದೊಡ್ಡ ವೂಫರ್.

“ನನ್ನ ದನಿ ಗೋಡೆ ದಾಟುವುದಿಲ್ಲ,” ಎಂದಿತು ಪುಟ್ಟ ಸ್ಪೀಕರ್. “ಆದರೆ ಟಿವಿಯಲ್ಲಿ ಯಾರು ಏನೇ ಮಾತಾಡಿದರೂ ನಿಮಗೆ ತಿಳಿಯುವಂತೆ ಹೇಳುತ್ತೇನೆ.”

ಓಣಿಯವರು ಅವಳ ಬಾಗಿಲಿಗೆ ಬಂದು ಎಷ್ಟು ಕಾಲವಾಗಿತ್ತೋ! ದಾಕ್ಷಾಯಿಣಿ ವೂಫರನ್ನೇ ತಂದಳು. ಸಂಜೆ ದೊಡ್ಡ ಪಾತ್ರೆಯಲ್ಲಿ ಚಹಾಕ್ಕಿಟ್ಟು ಸಿನಿಮಾ ಹಚ್ಚಿದಳು. ವೂಫರ್ ಗುಡುಗಿತು. ಹೇಳಿದಂತೆಯೇ ಓಣಿ ಬಂತು.

“ಮನ್ಯಾಗಿನ ಭಾಂಡೆ ಎಲ್ಲಾ ನಡುಗಾಕತ್ತಾವು, ಬಂದ್ ಮಾಡ್ರೀ ಅಕ್ಕಾ!”

“ಚಹಾ ಕುಡೀರಿ,” ಎಂದಳು ದಾಕ್ಷಾಯಿಣಿ. ಆ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಬೈದು ಹೊರಟುಹೋದರು.

ಅವಳು ದನಿ ತಗ್ಗಿಸಿದಳು. ಪರದೆಯ ಮೇಲೆ ತಾಯಿಯೊಬ್ಬಳು ಮಗಳ ತಲೆ ಸವರುತ್ತ ಏನೋ ಹೇಳುತ್ತಿದ್ದಳು. ವೂಫರ್ ಸುಮ್ಮನಿತ್ತು.

“ಏನಂದಳು ಅವಳು?” ದಾಕ್ಷಾಯಿಣಿ ಕೇಳಿದಳು.

“ನನಗೆ ಗುಡುಗಲು ಬರುತ್ತದೆ ತಾಯಿ, ಮಾತು ಬಾರದು,” ಎಂದಿತು ವೂಫರ್.

ಒಲೆಯ ಮೇಲೆ ಓಣಿಗೆಲ್ಲ ಆಗುವಷ್ಟು ಚಹಾ ಆರುತ್ತಿತ್ತು.